ಬ್ರಾಕೆಟ್ಟಿನೊಳಗಿನ ಎರಡು ಅಂಕಿ

ಬಾಗಲಕೋಟೆಯ ನವನಗರದಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದರೆ ಎಂಜಿನಿಯರಿಂಗ್ ಹುಡುಗರ ಓಡಾಟ ಜಾಸ್ತಿ. ಕಳೆದ ತಿಂಗಳು ಒಬ್ಬ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದ. "ಸರ್, ಸತ್ತೇ ಹೋಗೈತ್ರಿ. ಫಾರ್ಮ್ಯಾಟ್ ಹೊಡದು ಕೊಡ್ರಿ" ಎಂದ. ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಅದರ ತಿರುಳಾದ ಕರ್ನಲನ್ನು ತಾನೇ ಕಂಪೈಲ್ ಮಾಡಿದ್ದನಂತೆ, ಅಂದರೆ ಮೂಲ ಕೋಡಿನಿಂದ ಕಟ್ಟಿದ್ದನಂತೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಸ್ಕ್ರೀನ್, ಒಂದಿಷ್ಟು ಬಿಳಿ ಸಾಲು, ಕೊನೆಗೆ ಕರ್ನಲ್ ಪ್ಯಾನಿಕ್, ಅಂದರೆ ಮುಂದೆ ಹೋಗಲಾಗದೆ ಕರ್ನಲ್ ನಿಂತುಬಿಟ್ಟಿತ್ತು.

ಫಾರ್ಮ್ಯಾಟ್ ಮಾತೇ ಬೇಡ ಎಂದೆ. ಪ್ಯಾನಿಕ್ ಬಂತು ಅಂದರೆ ಹೊಸ ಕರ್ನಲ್ ಮೆಮೊರಿಗೆ ಬಂದಿದೆ, ಅಷ್ಟು ದೂರ ಓಡಿಯೂ ಇದೆ ಅಲ್ವಾ? ಇಂಥ ಹೊತ್ತಿನಲ್ಲಿ ಸುಮ್ನೆ ಪವರ್ ಬಟನ್ ಒತ್ತಬೇಡಿ. ಮೊದಲು ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ.

ಅವನ ಸ್ಕ್ರೀನಿನಲ್ಲಿ ಇದ್ದದ್ದು "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)". ಇಡೀ ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ತೆರೆಯಲಾಗಲಿಲ್ಲ ಎಂದು ಇದರ ಅರ್ಥ. ಇದನ್ನು ಓದಿದವರು ಡಿಸ್ಕ್ ಕೆಟ್ಟಿತು ಎಂದೇ ತಿಳಿಯುತ್ತಾರೆ. ನಾನು ನೋಡುವುದು ಬ್ರಾಕೆಟ್ಟಿನೊಳಗಿನ ಎರಡು ಅಂಕಿ. ಸೊನ್ನೆ, ಸೊನ್ನೆ ಅಂದರೆ ಕರ್ನಲ್‌ಗೆ ರೂಟ್ ಡಿಸ್ಕೇ ಸಿಕ್ಕಿಲ್ಲ. ಅಲ್ಲಿ (8,2) ಇದ್ದಿದ್ದರೆ ಕಥೆ ಬೇರೆ. 8 ಅಂದರೆ ಸಾಟಾ ಡಿಸ್ಕುಗಳ ಗುಂಪು, 2 ಅಂದರೆ ಮೊದಲ ಡಿಸ್ಕಿನ ಎರಡನೇ ಪಾರ್ಟಿಷನ್. ಡಿಸ್ಕ್ ಕಂಡಿದೆ, ಅದರಲ್ಲಿರುವುದನ್ನು ಓದಲು ಬರುತ್ತಿಲ್ಲ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ರೀತಿ) ಓದುವ ಭಾಗ ಕರ್ನಲ್ಲಿನಲ್ಲಿ ಬಿಟ್ಟುಹೋಗಿದೆಯೇ, ರೂಟ್ ಪಾರ್ಟಿಷನ್ ಯಾವುದೆಂದು ತಪ್ಪಾಗಿ ಬರೆದಿದೆಯೇ ಎಂದು ನೋಡಬೇಕು. ಎನ್‌ವಿಎಂಇ ಡಿಸ್ಕ್ ಆದರೆ ಮೊದಲ ಅಂಕಿ 259. ಸ್ವಲ್ಪ ಮೇಲೆ ಸಿಕ್ಕ ಪಾರ್ಟಿಷನ್‌ಗಳ ಪಟ್ಟಿಯೂ ಇರುತ್ತದೆ. ಇವನ ಪಟ್ಟಿ ಖಾಲಿ.

ಡಿಸ್ಕ್ ಅಲ್ಲೇ ಇದ್ದರೂ ಯಾಕೆ ಸಿಗಲಿಲ್ಲ? ಡಿಸ್ಕ್ ಓದುವ ಡ್ರೈವರ್ ಮಾಡ್ಯೂಲ್ ಆಗಿ, ಅಂದರೆ ಕರ್ನಲ್ಲಿನಿಂದ ಬೇರೆ ಫೈಲಾಗಿ, ಆ ಡಿಸ್ಕಿನೊಳಗೇ ಕೂತಿತ್ತು. ಟ್ರಂಕಿನ ಕೀಲಿಯನ್ನು ಟ್ರಂಕಿನೊಳಗೇ ಇಟ್ಟು ಬೀಗ ಜಡಿದ ಹಾಗೆ. ಈ ಪೇಚಿಗೆಂದೇ ಇನಿಟ್‌ರಾಮ್‌ಎಫ್‌ಎಸ್ ಇರುವುದು. ಬೂಟ್ ಆಗಲು ಬೇಕಾದ ಡ್ರೈವರ್‌ಗಳನ್ನು ತುಂಬಿದ ಸಣ್ಣ ಚೀಲ ಅದು. ಆನ್ ಮಾಡಿದಾಗ ಕರ್ನಲನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂ ಅದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತಂದು ಹಾಕುತ್ತದೆ. ಇವನು ಕರ್ನಲ್ ಫೈಲನ್ನು ಕೈಯಾರೆ ಬೂಟ್ ಫೋಲ್ಡರಿಗೆ ಕಾಪಿ ಮಾಡಿದ್ದ. 'ಮೇಕ್ ಇನ್‌ಸ್ಟಾಲ್' ಕೊಟ್ಟಿದ್ದರೆ ಉಬುಂಟು ಚೀಲವನ್ನೂ ತಾನೇ ಕಟ್ಟುತ್ತಿತ್ತು.

ರಿಪೇರಿಗೆ ಹತ್ತು ನಿಮಿಷ. ಆನ್ ಮಾಡಿದ ಕೂಡಲೇ ಎಸ್ಕೇಪ್ ಒತ್ತಿ (ಹಳೇ ಬಯಾಸ್ ಆದರೆ ಶಿಫ್ಟ್ ಹಿಡಿದು) ಗ್ರಬ್ ಮೆನು ತೆರೆದೆ. ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಹಾಗೇ ಇತ್ತು. ಅದರಿಂದ ಬೂಟ್ ಮಾಡಿ, ಹೊಸ ಕರ್ನಲ್ಲಿನ ವರ್ಷನ್ ಹೆಸರು ಕೊಟ್ಟು 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಓಡಿಸಿದೆ. ಆಮೇಲೆ 'ಅಪ್‌ಡೇಟ್-ಗ್ರಬ್'. ಹಳೇ ಕರ್ನಲ್ ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್ ಹಾಕಿ, ಸಿಎಚ್‌ರೂಟ್ ಮಾಡಿ (ಅಲ್ಲಿಂದಲೇ ಡಿಸ್ಕಿನ ಸಿಸ್ಟಮ್ಮಿನೊಳಗೆ ಹೊಕ್ಕು) ಇದನ್ನೇ ಮಾಡಬೇಕಿತ್ತು. ಸೆಕ್ಯೂರ್ ಬೂಟ್ ಆನ್ ಇದ್ದರೆ ಡಿಜಿಟಲ್ ಸಹಿಯಿಲ್ಲದ ಕರ್ನಲನ್ನು ಗ್ರಬ್ ಶುರುವಿನಲ್ಲೇ ತಡೆಯುತ್ತದೆ. ಅದು ಬೇರೆ ರೋಗ, ಅದರಲ್ಲಿ ಪ್ಯಾನಿಕ್ ಬರುವುದೇ ಇಲ್ಲ.

ಹುಡುಗನನ್ನು ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಒಮ್ಮೆ ನಡುರಾತ್ರಿ ನನ್ನದೇ ಮಶೀನಿಗೆ ಕರ್ನಲ್ ಹಾಕಿದ್ದೆ. ಬೂಟ್ ಪಾರ್ಟಿಷನ್ ಇದ್ದದ್ದು 512 ಎಂಬಿ. ಡಿಬಗ್ ಮಾಹಿತಿ (ದೋಷ ಹುಡುಕಲು ಬೇಕಾಗುವ ಮಾಹಿತಿ) ತೆಗೆಯದೆ ಮಾಡ್ಯೂಲ್ ಹಾಕಿದ್ದರಿಂದ ಇನಿಟ್‌ರಾಮ್‌ಎಫ್‌ಎಸ್ ಸಿಕ್ಕಾಪಟ್ಟೆ ಊದಿಕೊಂಡಿತ್ತು. ಅರ್ಧ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು. ಜಾಗವಿಲ್ಲ ಎಂಬ ಸಾಲು ನೂರು ಸಾಲುಗಳ ನಡುವೆ ಸರಿದುಹೋಗಿತ್ತು, ನಾನು ಚಹಾ ಮಾಡಲು ಎದ್ದು ಹೋಗಿದ್ದೆ. ಅಂದಿನಿಂದ ಆ ಮಾಹಿತಿಯನ್ನು ತೆಗೆಯುವ 'ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1' ಸೇರಿಸದೆ ಮಾಡ್ಯೂಲ್ ಹಾಕುವುದಿಲ್ಲ. ರೀಸ್ಟಾರ್ಟ್ ಮುಂಚೆ ಬೂಟ್ ಫೋಲ್ಡರಿನ ಫೈಲ್ ಸೈಜು ನೋಡುತ್ತೇನೆ.

ಲ್ಯಾಪ್‌ಟಾಪ್ ಎದ್ದಿತು. ಓಡುತ್ತಿರುವ ಕರ್ನಲ್ಲಿನ ವರ್ಷನ್ ತೋರಿಸುವ 'ಯುನೇಮ್ -ಆರ್' ಹೊಡೆದರೆ ಅವನು ವರ್ಷನ್ ತುದಿಗೆ ಅಂಟಿಸಿದ್ದ ತನ್ನ ಹೆಸರೇ ಬಂತು. ಅದರದ್ದೂ ಒಂದು ಫೋಟೊ ತೆಗೆದುಕೊಂಡ. ಆಮೇಲೆ ಕೇಳಿದ, "ಸರ್, ಹಳೇ ಕರ್ನಲ್ ತಗದ್ ಬಿಡ್ಲೇನ್ರಿ? ಜಾಗಾ ಉಳಿತೈತಿ."

ನಾನು ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗೆ ಕೊಟ್ಟೆ.