ಜಪಾನಿಗೆ ಇಂಗ್ಲಿಷ್ ಕಲಿಸಲು ಹೊರಡುವ ಮುನ್ನ

ಬೆಂಗಳೂರಿನಲ್ಲಿ ಜಪಾನೀ ಭಾಷೆ ಕಲಿಸುವ ನನ್ನ ಬಳಿಗೆ, ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಮಧ್ಯಮ ಹಂತವಾದ ಎನ್-3 ಅಥವಾ ಅದರ ಮೇಲಿನ ಎನ್-2 ಮುಗಿಸಿದ ವಿದ್ಯಾರ್ಥಿಗಳು ಮುಂದಿನ ದಾರಿಯ ಕುರಿತು ಕೇಳಲು ಬರುತ್ತಾರೆ. ಅವರಲ್ಲಿ ಕೆಲವರಿಗೆ ಐಟಿ ಕಂಪನಿಯ ಅನುವಾದದ ಕೆಲಸಕ್ಕಿಂತ ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಮೇಲೆ ಮನಸ್ಸಿರುತ್ತದೆ. ಅಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೇ ತರಗತಿಗಳಲ್ಲಿ ಇಂಗ್ಲಿಷ್ ನಿಯತ ವಿಷಯವಾಗಿದ್ದು, ವಿದೇಶಿಯರನ್ನು ಶಾಲೆಗಳಿಗೆ ಕರೆಸಲು ಜಪಾನ್ ಸರ್ಕಾರ 1987ರಲ್ಲಿ ಆರಂಭಿಸಿದ ‘ಜೆಟ್’ ಕಾರ್ಯಕ್ರಮದ ಮೂಲಕ ಬರುವವರಲ್ಲದೆ ಸ್ಥಳೀಯ ಶಿಕ್ಷಣ ಮಂಡಳಿಗಳೂ ಖಾಸಗಿ ಸಂಸ್ಥೆಗಳೂ ನೇಮಿಸಿಕೊಳ್ಳುವ ಸಹಾಯಕ ಭಾಷಾ ಶಿಕ್ಷಕರು ಅಲ್ಲಿನ ಶಾಲೆಗಳಲ್ಲಿದ್ದಾರೆ.

ಇಂಥವರಿಗೆ ನಾನು ಮೊದಲು ಕೇಳುವುದು ಅವರ ಜಪಾನೀ ಅಂಕಗಳನ್ನಲ್ಲ, ಅವರು ಯಾವ ಮಾಧ್ಯಮದಲ್ಲಿ ಎಷ್ಟು ವರ್ಷ ಓದಿದ್ದಾರೆ ಎಂಬುದನ್ನು. ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೊಡುವ ‘ಕ್ಯೋಇಕು’ ಎಂಬ ವಾಸ್ತವ್ಯ ಅನುಮತಿಗೆ, ಆ ಭಾಷೆಯ ಮಾಧ್ಯಮದಲ್ಲಿಯೇ ಕನಿಷ್ಠ 12 ವರ್ಷ ಶಿಕ್ಷಣ ಪಡೆದಿರಬೇಕೆಂಬ ನಿಯಮವಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ, ಪದವಿ, ಸ್ನಾತಕೋತ್ತರ ಪದವಿಗಳನ್ನು ಇಂಗ್ಲಿಷಿನಲ್ಲಿ ಮುಗಿಸಿದವರ ಲೆಕ್ಕ ಏಳು ವರ್ಷಕ್ಕೇ ನಿಲ್ಲುತ್ತದೆ. ಈ ಲೆಕ್ಕ ತಿಳಿಯದೆ ಏಜೆಂಟರಿಗೆ ಮುಂಗಡ ಕಟ್ಟಿ ಬಂದವರನ್ನು ನಾನು ನೋಡಿದ್ದೇನೆ, ಆ ಸಂಕಟವನ್ನು ಇನ್ನೊಬ್ಬರು ಪಡುವುದು ಬೇಡ. ‘ಏಕೈವಾ’ ಎಂದು ಕರೆಯುವ ಖಾಸಗಿ ಸಂಭಾಷಣಾ ಶಾಲೆಗಳ ಕೆಲಸಕ್ಕೆ ಬೇರೆಯದೇ ಅನುಮತಿ ಇದ್ದು, ಅಲ್ಲಿ ಪದವಿಯೇ ಮುಖ್ಯ ಅರ್ಹತೆಯಾಗುವುದರಿಂದ ಕನ್ನಡ ಮಾಧ್ಯಮದವರು ಆ ದಾರಿಯನ್ನು ವಿಚಾರಿಸಬಹುದು.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ತಾವು ಕಲಿತ ಪ್ರತಿಯೊಂದು ಶಾಲೆಯಿಂದಲೂ ಮಾಧ್ಯಮವನ್ನು ಸ್ಪಷ್ಟವಾಗಿ ನಮೂದಿಸಿದ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು. ವೀಸಾ ಪಡೆಯಲು ಮೊದಲು ಬೇಕಾಗುವ ಅರ್ಹತಾ ಪ್ರಮಾಣಪತ್ರಕ್ಕೆ ಜಪಾನಿನಲ್ಲಿ ಸಾಮಾನ್ಯವಾಗಿ ಉದ್ಯೋಗದಾತರೇ ಅರ್ಜಿ ಹಾಕುತ್ತಾರೆ. ಅದನ್ನು ನೀಡಿದ ದಿನದಿಂದ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಆ ದೇಶವನ್ನು ಪ್ರವೇಶಿಸಬೇಕಾಗುವುದರಿಂದ, ಆಗ ಊರಿನ ಶಾಲೆಗೆ ಅಲೆದು ಹಳೆಯ ದಾಖಲೆ ಹುಡುಕಿಸುವಷ್ಟು ಸಮಯ ಉಳಿದಿರುವುದಿಲ್ಲ. ಪೆಟ್ಟಿಗೆ ಕಟ್ಟುವಾಗ ಔಷಧಿಗಳ ಬಗ್ಗೆಯೂ ಎಚ್ಚರವಿರಲಿ: ಸ್ಯೂಡೋಎಫೆಡ್ರಿನ್ ಅಂಶ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಇನ್ನು ಭಾಷೆಯ ವಿಷಯ. ಕಷ್ಟಪಟ್ಟು ಕಲಿತ ಜಪಾನೀ ತರಗತಿಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಮಕ್ಕಳೊಡನೆ ಇಂಗ್ಲಿಷಿನಲ್ಲಿಯೇ ಮಾತನಾಡಬೇಕೆಂದು ಶಾಲೆಗಳು ಸಾಮಾನ್ಯವಾಗಿ ಬಯಸುತ್ತವೆ. ನಿಮ್ಮ ಜಪಾನೀ ನಿಜವಾಗಿ ಬೇಕಾಗುವುದು ಶಿಕ್ಷಕರ ಕೊಠಡಿಯಲ್ಲಿ, ಪಾಠಕ್ಕೆ ಮುನ್ನ ಜಪಾನೀ ಶಿಕ್ಷಕರೊಡನೆ ನಡೆಯುವ ‘ಉಚಿಯಾವಾಸೆ’ ಎಂಬ ಸಮಾಲೋಚನೆಯಲ್ಲಿ, ಹಾಗೂ ವಾಸಸ್ಥಳ ನಿಶ್ಚಯವಾದ 14 ದಿನಗಳೊಳಗೆ ವಿಳಾಸ ನೋಂದಾಯಿಸಬೇಕಾದ ನಗರ ಕಚೇರಿಯಲ್ಲಿ. ಅಲ್ಲಿನ ವಾಡಿಕೆಯ ಮಾತುಗಳನ್ನು ಬಾಯಿಪಾಠ ಮಾಡುವ ಬದಲು ಕನ್ನಡದ ಮೂಲಕ ಅರ್ಥಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಮನೆಯಿಂದ ಹೊರಡುವಾಗ ಜಪಾನಿನವರು ಹೇಳುವ ‘ಇತ್ತೆಕಿಮಾಸು’ ಎಂಬುದು ಅಕ್ಷರಶಃ ನಮ್ಮ ‘ಹೋಗಿ ಬರುತ್ತೇನೆ’.

ಈ ಸಾಮ್ಯ ಇನ್ನೂ ಆಳಕ್ಕಿಳಿಯುತ್ತದೆ, ಮತ್ತು ಇಂಗ್ಲಿಷ್ ಕಲಿಸುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಇಲ್ಲವೆಂದು ನಾನು ನಂಬಿದ್ದೇನೆ. ‘ನಿನ್ನೆ ನಾನು ಓದಿದ ಪುಸ್ತಕ’ ಎಂಬುದನ್ನು ಜಪಾನಿಯಲ್ಲಿ ‘ಕಿನೋ ವಾತಾಶಿ ಗಾ ಯೊಂದಾ ಹೊನ್’ ಎನ್ನುತ್ತಾರೆ. ಪದಗಳ ಕ್ರಮ ಒಂದೇ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ ಎಂಬುದು ಒಸಾಕಾದ ಮಗುವಿಗೂ ಹಾವೇರಿಯ ಮಗುವಿಗೂ ಒಂದೇ ರೀತಿಯ ಗೊಂದಲ. ನಾವು ಬಸ್ಸು, ಬುಕ್ಕು ಎಂದು ಕೊನೆಗೆ ಸ್ವರ ಸೇರಿಸಿಕೊಂಡಂತೆ ಅವರೂ ‘ಬಸು’, ‘ಬುಕ್ಕು’ ಎನ್ನುತ್ತಾರೆ. ‘ಎ’, ‘ದಿ’ಗಳಂಥ ಪದಗಳು ಎರಡೂ ಭಾಷೆಗಳಲ್ಲಿಲ್ಲ. ರ ಮತ್ತು ಲಗಳ ಭೇದ ಮಾತ್ರ ಅವರಿಗೆ ತೀರಾ ಹೊಸದು, ಅದನ್ನು ನಾವು ತಾಳ್ಮೆಯಿಂದ ಕಲಿಸಬೇಕು. ಬಾಲ್ಯದಿಂದ ಇಂಗ್ಲಿಷಿನಲ್ಲಿಯೇ ಬೆಳೆದವರಿಗೆ ಈ ತಪ್ಪುಗಳು ಕೇವಲ ತಪ್ಪುಗಳಾಗಿ ಕಾಣುತ್ತವೆ. ಕನ್ನಡದಲ್ಲಿ ಯೋಚಿಸುವವರಿಗೆ ಅವುಗಳ ಹಿಂದಿರುವ ನಿಯಮ ತಾನಾಗಿಯೇ ಗೋಚರಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಈ ಗೊಂದಲವನ್ನು ಸ್ವತಃ ದಾಟಿ ಬಂದವರನ್ನೇ 12 ವರ್ಷದ ನಿಯಮ ಹೊರಗಿಡುತ್ತದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆದ್ದರಿಂದ ಹೊರಡಲು ಕೆಲವು ತಿಂಗಳಿರುವಾಗ, ಜಪಾನೀ ಬರಹದ ಚೀನೀ ಮೂಲದ ಅಕ್ಷರಗಳಾದ ‘ಕಾಂಜಿ’ ಕಲಿಯಲು ನಾಲ್ಕನೆಯ ಪುಸ್ತಕ ಕೊಳ್ಳುವ ಬದಲು, ನಿಮ್ಮೂರಿನ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು, ಐದನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಇಂಗ್ಲಿಷ್ ಹೇಳಿಕೊಡಲು ಅನುಮತಿ ಕೇಳಿ. ಪಾಠದಲ್ಲಿ ಕನ್ನಡ ಬಳಸದೆ, ಚಿತ್ರ, ಅಭಿನಯ, ಆಟಗಳಿಂದಲೇ ಅರ್ಥ ತಲುಪಿಸಲು ಪ್ರಯತ್ನಿಸಿ. ಮಕ್ಕಳು ಎಲ್ಲಿ ತಡವರಿಸಿದರು ಎಂಬುದನ್ನು ಅಂದಂದೇ ಬರೆದಿಟ್ಟುಕೊಳ್ಳಿ. ಹಾಗೆ ಮಾಡಿ ಹೋದ ನನ್ನ ವಿದ್ಯಾರ್ಥಿನಿಯೊಬ್ಬಳು, ಜಪಾನಿನ ತರಗತಿಯ ಮೊದಲ ತಿಂಗಳಲ್ಲಿ ಆ ನೋಟ್‌ಬುಕ್ಕನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಳಂತೆ.