ಚಳಿಗಾಲಕ್ಕೆ ಗ್ಯಾರೇಜು ಸೇರುವ ಸ್ಪೋರ್ಟ್ಸ್ ಕಾರು: ಯಾವ ಸಲಹೆ ಇನ್ನೂ ನಡೆಯುತ್ತದೆ, ಯಾವುದು ಹಳಸಿತು?

ಅಕ್ಟೋಬರ್ ಮುಗಿಯುತ್ತಿದ್ದಂತೆ ಜರ್ಮನಿಯ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರುಗಳು ವಿರಳವಾಗುತ್ತವೆ. ಅವುಗಳಲ್ಲಿ ಹಲವಕ್ಕೆ ನಂಬರ್ ಪ್ಲೇಟಿನ ಬಲತುದಿಯಲ್ಲಿ 04, ಅದರ ಕೆಳಗೆ 10 ಎಂದು ಅಚ್ಚಾಗಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಾಟ, ತೆರಿಗೆಯೂ ಅಷ್ಟೇ ತಿಂಗಳಿಗೆ. 1997ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಉಳಿದ ತಿಂಗಳು ಆ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿರಲಿ, ನಿಲ್ಲಿಸುವಂತೆಯೂ ಇಲ್ಲ. ಕಾರನ್ನು ಒಳಗಿಡುವ ರೂಢಿ ಮಾತ್ರ ಇದಕ್ಕಿಂತ ಬಹಳ ಹಳೆಯದು. ಅದರ ಜೊತೆ ಬಂದ ಸಲಹೆಗಳಲ್ಲಿ ಕೆಲವಕ್ಕೆ ಈಗ ಕಾರಣವೇ ಉಳಿದಿಲ್ಲ.

ಮೊದಲ ಕಾಲದ ರೇಡಿಯೇಟರಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಬರೀ ನೀರು. ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳುತ್ತಿತ್ತು, ಹಾಗಾಗಿ ಬಸಿದು ಇಡುತ್ತಿದ್ದರು. 1920ರ ದಶಕದ ಕೊನೆಗೆ ಎಥಿಲೀನ್ ಗ್ಲೈಕಾಲ್ ಕೂಲಂಟ್ ಮಾರುಕಟ್ಟೆಗೆ ಬಂತು. ಅರ್ಧ ನೀರು, ಅರ್ಧ ಗ್ಲೈಕಾಲ್ ಇದ್ದರೆ ಮೈನಸ್ 35 ಡಿಗ್ರಿಯವರೆಗೆ ಚಿಂತೆಯಿಲ್ಲ. ಇಂದಿನ ಕಾರಿನಲ್ಲಿ ಬಸಿದಿಟ್ಟರೆ ಒಳಭಾಗ ಗಾಳಿಗೆ ತೆರೆದುಕೊಂಡು ತುಕ್ಕು ಹಿಡಿಯುತ್ತದೆ, ಅಷ್ಟೆ. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿಡುವುದೂ ಹೀಗೆಯೇ. ನೈಲಾನ್ ದಾರದ ಟೈರುಗಳು ನಿಂತಲ್ಲೇ ಚಪ್ಪಟೆಯಾಗುತ್ತಿದ್ದ ಕಾಲದ ಮಾತದು. ರೇಡಿಯಲ್ ಟೈರಿಗೆ ಮಾಮೂಲಿಗಿಂತ 0.5 ಬಾರ್ ಹೆಚ್ಚು ಗಾಳಿ ತುಂಬಿದರೆ ಸಾಕು, ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮೀರದಿದ್ದರಾಯಿತು. ಚಕ್ರ ನೇತಾಡುವಂತೆ ತಿಂಗಳುಗಟ್ಟಲೆ ಎತ್ತಿಟ್ಟರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ತಿರುಚಿಕೊಂಡೇ ಇರುತ್ತವೆ.

ಹಳಸದೆ ಉಳಿದ ಕಾರಣ ಉಪ್ಪು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದನ್ನು 1941ರಲ್ಲಿ ರಾಜ್ಯದ ನೀತಿಯನ್ನಾಗಿ ಮಾಡಿಕೊಂಡ ಮೊದಲ ಅಮೆರಿಕನ್ ರಾಜ್ಯ ನ್ಯೂ ಹ್ಯಾಂಪ್‌ಶೈರ್. ಯುದ್ಧ ಮುಗಿದ ಮೇಲೆ ಅದು ಎಲ್ಲೆಡೆ ಹರಡಿತು, ಕಾರುಗಳ ತಳ ತೂತು ಬೀಳತೊಡಗಿತು. 1970ರ ದಶಕದ ನಡುವೆ ಪೋರ್ಶೆ ಕಂಪನಿ ತನ್ನ 911 ಕಾರಿನ ಮೈಗೆ ಸತುವಿನ ಲೇಪನ ಕೊಟ್ಟಿತು, ಆದರೆ ಬ್ರೇಕ್ ಪೈಪು, ಬೋಲ್ಟುಗಳಿಗೆ ಆ ರಕ್ಷಣೆ ಇಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಒಣಗಿದ ಉಪ್ಪೂ ನೀರೊಡೆಯುತ್ತದೆ. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ, ತೇವದ ಗ್ಯಾರೇಜಿನಲ್ಲಿಡುವುದು ಹೊರಗಿನ ಚಳಿಯಲ್ಲಿ ಬಿಡುವುದಕ್ಕಿಂತ ಕೆಟ್ಟದ್ದು. ಚಕ್ರದ ಕಮಾನು, ತಳ ಚೆನ್ನಾಗಿ ತೊಳೆದು, ಬ್ರೇಕು ಬಿಸಿಯಾಗುವಷ್ಟು ಹದಿನೈದಿಪ್ಪತ್ತು ನಿಮಿಷ ಓಡಿಸಿ ಒಣಗಿಸಿಯೇ ಒಳಗಿಡಬೇಕು. ತೇವಾಂಶ ಶೇ. 50ರ ಆಸುಪಾಸಿನಲ್ಲಿರಲಿ. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ, ಪ್ಲಾಸ್ಟಿಕ್ ಬೇಡವೇ ಬೇಡ. ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿ. ಎಳೆದಿಟ್ಟರೆ ಪ್ಯಾಡು ಡಿಸ್ಕಿಗೆ ತುಕ್ಕಿನಿಂದ ಅಂಟಿಕೊಳ್ಳಬಹುದು.

ಪೆಟ್ರೋಲಿನ ಕಥೆ ಬೇರೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಜೆಟ್‌ಗಳಲ್ಲಿ ಅಂಟು ಕಟ್ಟುತ್ತಿದ್ದದ್ದು ಹಳೆಯ ಕಾಟ. ಹೊಸದು ಎಥನಾಲ್. ಜರ್ಮನಿಗೆ ಶೇ. 10 ಎಥನಾಲ್ ಬೆರೆತ ಪೆಟ್ರೋಲು 2011ರಲ್ಲಿ ಬಂತು. ನಮ್ಮಲ್ಲಿ ಶೇ. 20ರ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪು ಹೀರುವುದು ಅಲ್ಲಿಂದಲೇ. ಟ್ಯಾಂಕು ತುಂಬಿಸಿಟ್ಟರೆ ಗಾಳಿಗೆ ಜಾಗ ಕಡಿಮೆ. ಪೆಟ್ರೋಲು ಕೆಡದಂತೆ ಕಾಯುವ ಫ್ಯುಯೆಲ್ ಸ್ಟೆಬಿಲೈಜರ್ ಹಾಕುವುದಾದರೆ ಅದು ಇಂಜೆಕ್ಟರ್‌ವರೆಗೆ ತಲುಪುವಂತೆ ಕೊನೆಯ ಓಟಕ್ಕೆ ಮೊದಲೇ ಹಾಕಬೇಕು. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಕಾರು ನಿಲ್ಲಿಸಿಡುವವರಿಗೂ ಇದೇ ಲೆಕ್ಕ.

ಇಂದಿನ ದೊಡ್ಡ ತಲೆನೋವು ಬ್ಯಾಟರಿ. ಹಳೆಯ ಕಾರು ನಿಂತರೆ ಕರೆಂಟು ಎಳೆಯುತ್ತಿದ್ದದ್ದು ಹೆಚ್ಚೆಂದರೆ ಗಡಿಯಾರ. ಈಗ ಅಲಾರಂ, ರಿಮೋಟ್ ಲಾಕ್, ಕಂಪ್ಯೂಟರುಗಳು ಮಲಗಿದ್ದಾಗಲೂ 30 ಮಿಲಿಆಂಪಿಯರ್‌ನಷ್ಟು ಎಳೆಯುತ್ತಿದ್ದರೆ ದಿನಕ್ಕೆ 0.72 ಆಂಪಿಯರ್-ಅವರ್ ಹೋಯಿತು. 70ರ ಬ್ಯಾಟರಿ ಐವತ್ತು ದಿನಕ್ಕೆ ಅರ್ಧ ಖಾಲಿ. ಅಲ್ಲಿಂದ ಪ್ಲೇಟುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಪೂರ್ತಿ ಖಾಲಿಯಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. 911ರ ಒಂದು ಪೀಳಿಗೆಯಾದ ಪೋರ್ಶೆ 997ರಲ್ಲಿ ಇನ್ನೊಂದು ಪೇಚು: ಬ್ಯಾಟರಿ ಇರುವುದು ಮುಂದಿನ ಮುಚ್ಚಳದೊಳಗೆ, ಆ ಮುಚ್ಚಳ ತೆರೆಯುವುದು ಕರೆಂಟಿನಿಂದ! ಫ್ಯೂಸ್ ಬಾಕ್ಸಿನಲ್ಲಿ ಹೊರಗೆಳೆಯುವ ಪಾಸಿಟಿವ್ ಟರ್ಮಿನಲ್ ಇಟ್ಟಿರುವುದು ಇದಕ್ಕೇ. ಬ್ಯಾಟರಿಯನ್ನು ಸದಾ ತುಂಬಿಯೇ ಇಡುವ ಮೇಂಟೆನರ್ ಚಾರ್ಜರ್ ಮೊದಲೇ ಸಿಕ್ಕಿಸಿಟ್ಟರೆ ಇದೊಂದೂ ಇಲ್ಲ. ಲಿಥಿಯಂ ಬ್ಯಾಟರಿಗೆ ಅದಕ್ಕೆಂದೇ ಮಾಡಿದ ಚಾರ್ಜರೇ ಆಗಬೇಕು.

ಇಷ್ಟಾದರೂ ಸಾಯದೆ ಉಳಿದ ಕೆಟ್ಟ ಸಲಹೆಯೊಂದಿದೆ: ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಕಾಯುವ ಮೊದಲೇ ಆಫಾದರೆ ಅದರಲ್ಲಿ ಒಂದಷ್ಟು ಆಯಿಲ್‌ಗೂ ಸೈಲೆನ್ಸರಿಗೂ ಸೇರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಾದರೆ ಕಾರ್ಬನ್ ಮೊನಾಕ್ಸೈಡ್ ಜೀವಕ್ಕೇ ಕುತ್ತು. ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ ನಿಲ್ಲಿಸಿದ ಕಾರನ್ನು ವಸಂತದವರೆಗೆ ಮುಟ್ಟದಿರುವುದೇ ಲೇಸು.

ಇಲಿ ಬಾರದಂತೆ ಸೈಲೆನ್ಸರ್ ಬಾಯಿಗೆ ಸ್ಟೀಲ್ ವುಲ್ ತುರುಕಿದ್ದರೆ ಮರೆಯದಂತೆ ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿಡಿ. ಏಪ್ರಿಲ್‌ನಲ್ಲಿ ಆ ಸ್ಟೀಲ್ ವುಲ್ ತೆಗೆದು, ಟೈರಿನ ಗಾಳಿ ಮಾಮೂಲಿಗೆ ಇಳಿಸಿ, ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ ನೋಡಿದ ಮೇಲೆಯೇ ಕೀಲಿ ತಿರುಗಿಸಬೇಕು.