ಚೋಕ್ ಪೂರ್ತಿ ತೆರೆದರೆ ಬರುವುದು ನೀರು

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಎಣ್ಣೆ ಬಾವಿಯ ಮಾತೆತ್ತಿದರೆ ಸಾಕು, ಬೋರ್‌ವೆಲ್ ಲೆಕ್ಕ ಶುರು. ‘ಶೇ 85ಕ್ಕಿಂತ ಹೆಚ್ಚು ಕಚ್ಚಾ ತೈಲ ಹೊರಗಿಂದ ತರ್ತಾರಂತೆ. ಮುಂಬೈ ಹೈನಲ್ಲಿ ವಾಲ್ವ್ ಪೂರ್ತಿ ತಿರುಗಿಸಿದ್ರೆ ಆಗಲ್ವಾ ಮಾರಾಯ್ರೆ?’ ಆಗಲ್ಲ. ಹೋದಲ್ಲೆಲ್ಲ ಇದೇ ಪ್ರಶ್ನೆ, ಹಾಗಾಗಿ ಇವತ್ತು ಇದೊಂದೇ.

ಸಮುದ್ರದಡಿ ಎಣ್ಣೆಯ ಕೆರೆ ಇಲ್ಲ. ಮುಂಬೈ ಹೈ ಅಂದರೆ ಮುಂಬೈ ಆಚೆ ಅರಬ್ಬೀ ಸಮುದ್ರದಲ್ಲಿರುವ ತೈಲಕ್ಷೇತ್ರ; ಅಲ್ಲಿ ಎಣ್ಣೆ ಮುಖ್ಯವಾಗಿ ಸುಣ್ಣಕಲ್ಲಿನ ಸಣ್ಣ ರಂಧ್ರಗಳಲ್ಲಿದೆ, ನಮ್ಮ ಜಂಬಿಟ್ಟಿಗೆ ಕಲ್ಲು ಮಳೆನೀರು ಕುಡಿದು ಕೂತ ಹಾಗೆ. ಮೇಲೆ ಗ್ಯಾಸ್, ನಡುವೆ ಎಣ್ಣೆ, ಕೆಳಗೆ ಉಪ್ಪುನೀರು. ಬಾವಿಯ ಗೋಡೆಗೆ ಇಳಿಸಿದ ಉಕ್ಕಿನ ಕೊಳವೆಗೆ, ಅಂದರೆ ಕೇಸಿಂಗ್‌ಗೆ, ಎಣ್ಣೆಯ ಪದರದ ಎದುರಿಗಷ್ಟೇ ತೂತು ಹೊಡೆದಿರುತ್ತಾರೆ.

ಬಾವಿಯ ತಲೆಯಲ್ಲಿರುವ ಚೋಕ್, ಅಂದರೆ ಕಿರಿದಾದ ಕಿಂಡಿ, ಹರಿವನ್ನು ಹಿಡಿದಿಡುತ್ತದೆ. ಅದರ ಅಳತೆ ಇಂಚಿನ 64ನೇ ಭಾಗಗಳಲ್ಲಿ; 32 ಎಂದರೆ ಅರ್ಧ ಇಂಚು. ಏಕಾಏಕಿ ದೊಡ್ಡದು ಮಾಡಿದರೆ ಬಾವಿಯ ತಳದ ಒತ್ತಡ ಕುಸಿಯುತ್ತದೆ. ನೀರು ತನ್ನ ಭಾರದಿಂದಲೇ ಅಡಿಯಲ್ಲಿ ಕೂತಿರುವುದು. ಸೆಳೆತ ಆ ಭಾರವನ್ನು ಮೀರಿದರೆ ಶಂಕುವಿನ ಆಕಾರದಲ್ಲಿ ಮೇಲೆದ್ದು ತೂತು ಮುಟ್ಟುತ್ತದೆ. ಎಣ್ಣೆ ನೀರಿಗಿಂತ ಮಂದವಾಗಿದ್ದರಂತೂ ನೀರೇ ಮುಂದೆ ಓಡುತ್ತದೆ. ಆಮೇಲೆ ಚೋಕ್ ಕಿರಿದು ಮಾಡಿದರೆ ಶಂಕು ಪೂರ್ತಿ ಇಳಿದೀತೆಂಬ ಖಾತರಿ ಇಲ್ಲ. ರಂಧ್ರಗಳಲ್ಲಿ ನೀರು ಉಳಿದುಬಿಡುತ್ತದೆ, ಎಣ್ಣೆಯ ದಾರಿ ಇಕ್ಕಟ್ಟಾಗುತ್ತದೆ. ಬಂಡೆಯಲ್ಲಿ ಬಿರುಕಿದ್ದರೆ ಇದಿಷ್ಟೂ ಇನ್ನೂ ಬೇಗ. ಮೇಲಿನ ಗ್ಯಾಸೂ ಹೀಗೇ ಕೆಳಗೆ ಎಳೆಸಿಕೊಳ್ಳಬಹುದು.

ಇನ್ನೊಂದು ಪೆಟ್ಟು ಕೊಳವೆಯೊಳಗೆ. 1000 ಮೀಟರ್ ಎಣ್ಣೆ ನಿಂತರೆ ತಳಕ್ಕೆ ಬೀಳುವ ಒತ್ತಡ ಸುಮಾರು 80 ಬಾರ್, ಉಪ್ಪುನೀರಾದರೆ 100ರ ಆಸುಪಾಸು. ತಾನಾಗಿ ಚಿಮ್ಮುತ್ತಿದ್ದ ಬಾವಿ ಸುಮ್ಮನಾಗಲು ಆ ವ್ಯತ್ಯಾಸ ಸಾಕಾಗಬಹುದು. ಆಗ ಕೇಸಿಂಗ್‌ಗೂ ಅದರೊಳಗೆ ಎಣ್ಣೆ ಮೇಲೇರುವ ಟ್ಯೂಬಿಂಗ್ ಕೊಳವೆಗೂ ನಡುವಿನ ಸಂದಿಯಲ್ಲಿ ಗ್ಯಾಸ್ ಇಳಿಸಿ, ವಾಲ್ವ್ ಮೂಲಕ ಟ್ಯೂಬಿಂಗ್‌ಗೆ ಬಿಟ್ಟು ಒಳಗಿನ ದ್ರವದ ಕಂಬ ಹಗುರ ಮಾಡಬೇಕು. ಇದೇ ಗ್ಯಾಸ್ ಲಿಫ್ಟ್. ಇಲ್ಲೂ ಅತಿ ಮಾಡಿದರೆ ಘರ್ಷಣೆ ಹೆಚ್ಚಿ ಉತ್ಪಾದನೆ ಇಳಿಯುತ್ತದೆ.

‘ಮತ್ತೆ ಸಮುದ್ರದ ನೀರನ್ನು ನೀವೇ ಒಳಗೆ ಪಂಪ್ ಮಾಡ್ತೀರಲ್ಲ?’ ಹೌದು, ಬೇರೆ ಬಾವಿಗಳಿಂದ, ಒತ್ತಡ ಉಳಿಸಲು ಮತ್ತು ಎಣ್ಣೆಯನ್ನು ಮೆಲ್ಲಗೆ ತಳ್ಳಲು. ಸುಮ್ಮನೆ ಮೊಗೆದು ಸುರಿಯುವುದಲ್ಲ. ಸೋಸಬೇಕು, ಕೊಳವೆ ತುಕ್ಕು ಹಿಡಿಯದಂತೆ ಆಮ್ಲಜನಕ ತೆಗೆಯಬೇಕು, ಬ್ಯಾಕ್ಟೀರಿಯಾ ಕೊಲ್ಲಬೇಕು, ಇಲ್ಲದಿದ್ದರೆ ಅವು ನೀರಿನ ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷ ಮಾಡಿ ಕೂರುತ್ತವೆ.

‘ನೀರು ಬಂತಂತೆ, ಮುಂಬೈ ಹೈ ಮುಗೀತಂತೆ’ ಅನ್ನುವವರೂ ಇದ್ದಾರೆ. 1976ರಿಂದ ಎಣ್ಣೆ ಕೊಡುತ್ತಿರುವ ಕ್ಷೇತ್ರದಲ್ಲಿ ನೀರು ಬಾರದಿದ್ದರೇ ಆಶ್ಚರ್ಯ. 100 ಪೀಪಾಯಿ ದ್ರವದಲ್ಲಿ 80 ನೀರಿದ್ದರೂ ಬಾವಿ ನಡೆಸಬಹುದು. ತೊಡಕು ಪ್ಲಾಟ್‌ಫಾರ್ಮಿನ ಸೆಪರೇಟರ್‌ನದು: ಅದು ದಿನಕ್ಕೆ ಇಷ್ಟೇ ದ್ರವ ಬೇರ್ಪಡಿಸಬಲ್ಲದು. ನೀರು ಕಾರುವ ಒಂದು ಬಾವಿ ಪಕ್ಕದ ಒಳ್ಳೆ ಬಾವಿಯ ಜಾಗ ತಿನ್ನುತ್ತದೆ.

ಆದ್ದರಿಂದ ಚೋಕ್ ಹೆಚ್ಚಿಸುವುದು ಒಂದೊಂದೇ ಮೆಟ್ಟಿಲು. ಹರಿವು ಸ್ಥಿರವಾಗುವ ತನಕ ಕಾದು, ಟೆಸ್ಟ್ ಸೆಪರೇಟರ್‌ಗೆ ತಿರುಗಿಸಿ ಎಣ್ಣೆ, ಗ್ಯಾಸ್, ನೀರು ಬೇರೆಬೇರೆ ಅಳೆಯುತ್ತಾರೆ. ನೀರಿನ ಉಪ್ಪನ್ನೂ ನೋಡುತ್ತಾರೆ, ಅದು ಅಡಿಯದೋ ಪಂಪ್ ಮಾಡಿದ್ದೋ ತಿಳಿಯಲು. ಎಣ್ಣೆ ಏರದೆ ನೀರಷ್ಟೇ ಏರಿದರೆ ಹಿಂದಿನ ಮೆಟ್ಟಿಲಿಗೆ ವಾಪಸ್. ಎಲ್ಲ ಬಾವಿಗೂ ಹೊಂದುವ ಒಂದೇ ಅಳತೆ ಕೇಳಬೇಡಿ, ಅಂಥದ್ದಿಲ್ಲ.